ಕದಿಯುವವರು ಬರುವ ಮುಂಚೆಯೇ ಕೈಬಿಟ್ಟು ಹೋಗುವ ಆಸ್ತಿ

ಲೆಗೊ ಕಂಪನಿ ತನ್ನ ಪ್ಲಾಸ್ಟಿಕ್ ಇಟ್ಟಿಗೆಗೆ ಡೆನ್ಮಾರ್ಕ್‌ನಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದು 1958ರಲ್ಲಿ. ಆ ಪೇಟೆಂಟ್ ಅವಧಿ ಮುಗಿದು ದಶಕಗಳೇ ಆದವು. ಲೆಗೊ ಇಟ್ಟಿಗೆಯ ಮೇಲೆ ಸರಿಯಾಗಿ ಕಚ್ಚಿ ಕೂರುವ ಇಟ್ಟಿಗೆಗಳನ್ನು ಈಗ ಬೇರೆ ಕಂಪನಿಗಳೂ ರಾಜಾರೋಷವಾಗಿ ಮಾರುತ್ತಿವೆ. ಇಟ್ಟಿಗೆಯ ಆಕಾರವನ್ನೇ ಟ್ರೇಡ್‌ಮಾರ್ಕ್, ಅಂದರೆ ಸರಕು ಯಾರದ್ದು ಅಂತ ಗುರುತಿಸುವ ಚಿಹ್ನೆ, ಮಾಡಿಕೊಳ್ಳಲು ಲೆಗೊ ಪ್ರಯತ್ನಪಟ್ಟಿತು. 2010ರಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ಒಪ್ಪಲಿಲ್ಲ. ಜೋಡಣೆಯ ಕೆಲಸಕ್ಕಾಗಿಯೇ ಬಂದ ಆಕಾರ ಅದು, ಅದನ್ನು ಟ್ರೇಡ್‌ಮಾರ್ಕ್ ಹೆಸರಿನಲ್ಲಿ ಒಬ್ಬರೇ ಕಾಯಂ ಆಗಿ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದಿತು. ಆದರೆ ಅದೇ ಕಂಪನಿಯ ಪುಟ್ಟ ಗೊಂಬೆಯ ಆಕಾರಕ್ಕೆ ಸಿಕ್ಕಿದ್ದ ಟ್ರೇಡ್‌ಮಾರ್ಕನ್ನು 2015ರಲ್ಲಿ ಅಲ್ಲಿನ ಕೋರ್ಟು ಎತ್ತಿಹಿಡಿಯಿತು. ಇನ್ನು ಲೆಗೊ ಎಂಬ ಹೆಸರನ್ನಂತೂ ಬೇರೆಯವರು ತಮ್ಮ ಆಟಿಕೆಗೆ ಹಾಕಿಕೊಳ್ಳುವ ಹಾಗೇ ಇಲ್ಲ.

ಒಂದೇ ಡಬ್ಬಿಯ ಆಟಿಕೆ, ಒಳಗೆ ಎಷ್ಟೊಂದು ಬಗೆಯ ಹಕ್ಕುಗಳು ನೋಡಿ. ಪೇಟೆಂಟ್‌ಗೆ 20 ವರ್ಷದ ಆಯಸ್ಸು. ಟ್ರೇಡ್‌ಮಾರ್ಕ್ ಬಳಸುತ್ತಾ, ನವೀಕರಿಸುತ್ತಾ ಇದ್ದಷ್ಟು ದಿನವೂ ಇರುತ್ತದೆ. ಕಾಪಿರೈಟ್ ಬರೆದ ಕೂಡಲೇ ತಾನಾಗಿ ಹುಟ್ಟುತ್ತದೆ. ವ್ಯಾಪಾರದ ಗುಟ್ಟು ಬಾಯಿಬಿಟ್ಟ ಕ್ಷಣ ಸಾಯುತ್ತದೆ. ಇಷ್ಟು ಬೇರೆ ಬೇರೆ ಸ್ವಭಾವದವುಗಳನ್ನು ಬೌದ್ಧಿಕ ಆಸ್ತಿ ಅಂತ ಒಂದೇ ಗಂಟು ಕಟ್ಟಿಟ್ಟಿರುವುದರಿಂದಲೇ ಅರ್ಧ ಗೊಂದಲ.

ಈ ಮಾತು ಬಂದ ಕೂಡಲೇ ಎಲ್ಲರ ಮನಸ್ಸಿಗೂ ಮೊದಲು ಬರುವುದು ಕಳ್ಳರು. ಕಾಪಿ ಹೊಡೆಯುವ ಪ್ರತಿಸ್ಪರ್ಧಿ, ನಕಲಿ ಮಾಲು, ಫೈಲ್ ಎತ್ತಿಕೊಂಡು ಹೋಗುವ ನೌಕರ. ಅವರೆಲ್ಲ ಇದ್ದಾರೆ, ಇಲ್ಲ ಅಂತಲ್ಲ. ಆದರೆ ನನ್ನ ಲೆಕ್ಕದಲ್ಲಿ ಸಣ್ಣ ಬಿಸಿನೆಸ್‌ಗಳಿಗೆ ಅದಕ್ಕಿಂತ ದೊಡ್ಡ ಅಪಾಯ ಮನೆಯೊಳಗೇ ಇದೆ. ಅರ್ಜಿ ಹಾಕುವ ಮೊದಲೇ ಹೊಸ ಯಂತ್ರವನ್ನು ಪ್ರದರ್ಶನಕ್ಕೆ ಇಟ್ಟುಬಿಡುತ್ತಾರೆ. ಸಾಫ್ಟ್‌ವೇರ್ ಬರೆದವರಿಂದ ಹಕ್ಕು ಬರೆಸಿಕೊಳ್ಳುವುದಿಲ್ಲ. ಹೆಸರು ಬೇರೆ ಯಾರದ್ದಾದರೂ ಇರಬಹುದಾ ಅಂತ ಹುಡುಕಿ ನೋಡುವುದಿಲ್ಲ. ಇವುಗಳಲ್ಲಿ ಕೆಲವನ್ನು ಆಮೇಲೆ ಎಷ್ಟು ದುಡ್ಡು ಸುರಿದರೂ ಸರಿಮಾಡಲು ಆಗುವುದಿಲ್ಲ. ಇಲ್ಲಿ ಕಾನೂನಿನ ಜ್ಞಾನಕ್ಕಿಂತ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೇ ಮುಖ್ಯ.

ಇನ್ನೊಂದು ತಪ್ಪು ತಿಳುವಳಿಕೆಯನ್ನೂ ಈಗಲೇ ಬಿಡಿಸಿಕೊಳ್ಳೋಣ. ಬರೀ ಐಡಿಯಾ ಯಾರ ಆಸ್ತಿಯೂ ಅಲ್ಲ. 'ಗಿರಾಕಿಗಳ ಬಟ್ಟೆ ಒಗೆದು ಮನೆಗೆ ತಲುಪಿಸುವ ಆಪ್ ಮಾಡ್ತೀನಿ' ಅನ್ನುವ ಯೋಚನೆಗೆ ಯಾವ ಹಕ್ಕೂ ಇಲ್ಲ. ಆ ಆಪ್‌ನ ಕೋಡ್‌ಗೆ ಕಾಪಿರೈಟ್ ಇದೆ, ಹೆಸರಿಗೆ ಟ್ರೇಡ್‌ಮಾರ್ಕ್ ಸಿಗಬಹುದು, ಪರದೆಯ ವಿನ್ಯಾಸಕ್ಕೆ ಕೆಲವು ದೇಶಗಳಲ್ಲಿ ಡಿಸೈನ್ ನೋಂದಣಿ ಸಿಗಬಹುದು, ಗಿರಾಕಿಗಳ ಪಟ್ಟಿಯನ್ನು ಗುಟ್ಟಾಗಿ ಇಟ್ಟುಕೊಳ್ಳಬಹುದು. ಯೋಚನೆ ಮಾತ್ರ ಎಲ್ಲರದ್ದು.

ಹೇಳಬೇಕೋ, ಮುಚ್ಚಿಡಬೇಕೋ

ಹೊಸದೇನಾದರೂ ಕಂಡುಹಿಡಿದರೆ ಎದುರಾಗುವ ಮೊದಲ ಪ್ರಶ್ನೆ ಇದು. ಪೇಟೆಂಟ್ ಒಂದು ವಿನಿಮಯ. ನಿಮ್ಮ ಕಂಡುಹಿಡಿತ ಹೇಗೆ ಕೆಲಸ ಮಾಡುತ್ತದೆ ಅಂತ ಲೋಕಕ್ಕೆಲ್ಲ ಬಿಡಿಸಿ ಹೇಳಬೇಕು. ಬದಲಿಗೆ ಅರ್ಜಿ ಹಾಕಿದ ದಿನದಿಂದ 20 ವರ್ಷ ಬೇರೆಯವರನ್ನು ತಡೆಯುವ ಹಕ್ಕು ಸಿಗುತ್ತದೆ. ಸಾಮಾನ್ಯವಾಗಿ 18 ತಿಂಗಳಾದ ಮೇಲೆ ಅರ್ಜಿಯೇ ಪ್ರಕಟವಾಗುತ್ತದೆ. ಆಮೇಲೆ ಪೇಟೆಂಟ್ ಸಿಗದೆ ಹೋದರೂ ಗುಟ್ಟು ಹೊರಗೆ ಹೋದದ್ದು ಹೋದದ್ದೇ.

ಪೇಟೆಂಟ್ ಸಿಗಬೇಕಾದರೆ ವಿಷಯ ಹೊಸದಾಗಿರಬೇಕು, ಆ ಕ್ಷೇತ್ರದ ಜಾಣರಿಗೆ ಸುಲಭವಾಗಿ ಹೊಳೆಯುವಂಥದ್ದು ಆಗಿರಬಾರದು, ಉಪಯೋಗಕ್ಕೆ ಬರಬೇಕು. ಹೊಸದು ಅಂದರೆ ಅರ್ಜಿ ಹಾಕುವ ದಿನಕ್ಕೆ ಲೋಕದಲ್ಲಿ ಎಲ್ಲೂ ಬಹಿರಂಗ ಆಗಿರಬಾರದು. ನಿಮ್ಮಿಂದಲೂ ಆಗಿರಬಾರದು! ಜನ ಎಡವುವುದು ಇಲ್ಲಿಯೇ. ವಿಡಿಯೊ ಹಾಕಿದಿರಿ, ಮೇಳದಲ್ಲಿ ತೋರಿಸಿದಿರಿ, ಮುಂಗಡ ಪಡೆದು ನಾಲ್ಕು ಜನಕ್ಕೆ ಮಾರಿದಿರಿ ಅಂದರೆ ಯುರೋಪಿನ ಮಟ್ಟಿಗೆ ಬಹುತೇಕ ಕಥೆ ಮುಗಿಯಿತು. ಅಮೆರಿಕದಲ್ಲಿ, ನೀವೇ ಬಹಿರಂಗ ಮಾಡಿದ್ದರೆ, ಒಂದು ವರ್ಷದ ರಿಯಾಯಿತಿ ಇದೆ. ಎಲ್ಲ ಕಡೆಯೂ ಅದನ್ನೇ ನಂಬಿ ಕೂರುವ ಹಾಗಿಲ್ಲ. ಅರ್ಜಿ ಮೊದಲು, ಪ್ರಚಾರ ಆಮೇಲೆ. ಹೂಡಿಕೆದಾರರಿಗೋ ಕಾರ್ಖಾನೆಯವರಿಗೋ ಅದಕ್ಕೂ ಮುಂಚೆ ತೋರಿಸಲೇಬೇಕಾಗಿ ಬಂದರೆ ಗೋಪ್ಯತೆಯ ಒಪ್ಪಂದಕ್ಕೆ, ಅದೇ ಎನ್‌ಡಿಎಗೆ, ಸಹಿ ಹಾಕಿಸಿಕೊಂಡೇ ತೋರಿಸಬೇಕು. ಹೂಡಿಕೆದಾರರು ಹಲವರು ಸಹಿ ಹಾಕುವುದಿಲ್ಲ. ಅಂಥವರ ಮುಂದೆ ಏನು ಮಾಡುತ್ತದೆ ಅನ್ನುವುದನ್ನಷ್ಟೇ ಹೇಳಿ, ಹೇಗೆ ಮಾಡುತ್ತದೆ ಅನ್ನುವುದನ್ನು ಕಿಸೆಯಲ್ಲೇ ಇಟ್ಟುಕೊಳ್ಳಿ.

ಪೇಟೆಂಟ್ ಬಗ್ಗೆ ತಿಳಿದವರೂ ಮರೆಯುವ ಸಂಗತಿ ಒಂದಿದೆ. ಅದು ನಿಮಗೆ ವಸ್ತುವನ್ನು ತಯಾರಿಸುವ ಹಕ್ಕು ಕೊಡುವುದಿಲ್ಲ. ಬೇರೆಯವರು ತಯಾರಿಸದಂತೆ ತಡೆಯುವ ಹಕ್ಕು ಮಾತ್ರ ಕೊಡುತ್ತದೆ. ಪೇಟೆಂಟ್ ದಾಖಲೆಯ ಕೊನೆಯಲ್ಲಿ ಬರುವ 'ಕ್ಲೇಮ್'ಗಳು ಜಮೀನಿನ ಗಡಿಕಲ್ಲುಗಳಿದ್ದ ಹಾಗೆ. ಅದರೊಳಗೆ ಏನು ಬರುತ್ತದೋ ಅಷ್ಟೇ ನಿಮ್ಮದು. ನಿಮ್ಮ ಯಂತ್ರದ ಒಂದು ಭಾಗ ಇನ್ನೊಬ್ಬರ ಗಡಿಯೊಳಗೆ ಬಿದ್ದಿದ್ದರೆ, ನಿಮ್ಮ ಕೈಯಲ್ಲಿ ನಿಮ್ಮದೇ ಪೇಟೆಂಟ್ ಇದ್ದರೂ ಅವರ ಒಪ್ಪಿಗೆ ಬೇಕು. ತತ್‌ಕ್ಷಣ ಫೋಟೊ ಕೊಡುವ ಕ್ಯಾಮೆರಾ ವಿಷಯದಲ್ಲಿ ಕೊಡಾಕ್‌ಗೆ ಆದದ್ದು ನೋಡಿ. ಅಂಥ ಕ್ಯಾಮೆರಾದ ಪೇಟೆಂಟ್‌ಗಳಿದ್ದ ಪೋಲರಾಯ್ಡ್ ಕಂಪನಿ 1976ರಲ್ಲಿ ಕೊಡಾಕ್ ಮೇಲೆ ದಾವೆ ಹೂಡಿತು. ಕೊಡಾಕ್‌ನಂಥ ದೈತ್ಯ ಕಂಪನಿ ಸೋತು 1986ರಲ್ಲಿ ಆ ವ್ಯಾಪಾರವನ್ನೇ ನಿಲ್ಲಿಸಬೇಕಾಯಿತು. 1991ರಲ್ಲಿ 92.5 ಕೋಟಿ ಡಾಲರ್ ಕಟ್ಟಿ ಪ್ರಕರಣ ಮುಗಿಸಿತು. ಹಾಗಾಗಿ ದೊಡ್ಡ ಬಂಡವಾಳ ಹಾಕುವ ಮುಂಚೆ ಬೇರೆಯವರ ಪೇಟೆಂಟ್‌ಗಳನ್ನು ಹುಡುಕಿಸಿ ನೋಡುವುದು ನಿಮ್ಮ ಪೇಟೆಂಟ್‌ನಷ್ಟೇ ಮುಖ್ಯ.

ಇನ್ನು ಮುಚ್ಚಿಡುವ ದಾರಿ. ಕೋಕಾ ಕೋಲಾದ ಮಿಶ್ರಣಕ್ಕೆ ಪೇಟೆಂಟ್ ಪಡೆದಿದ್ದರೆ ಅದರ ಅವಧಿ ಎಂದೋ ಮುಗಿದು ಎಲ್ಲರೂ ಮಾಡಬಹುದಾಗಿತ್ತು. ಗುಟ್ಟಾಗಿ ಇಟ್ಟದ್ದರಿಂದ ನೂರು ವರ್ಷ ದಾಟಿಯೂ ಅದು ಕಂಪನಿಯ ಕೈಯಲ್ಲಿದೆ. ಆದರೆ ಗುಟ್ಟಿಗೆ ಒಂದು ದೌರ್ಬಲ್ಯ ಇದೆ. ಬೇರೆ ಯಾರಾದರೂ ಸ್ವಂತ ಬುದ್ಧಿಯಿಂದ ಅದನ್ನೇ ಕಂಡುಕೊಂಡರೆ, ಇಲ್ಲವೇ ಮಾರುಕಟ್ಟೆಯಲ್ಲಿ ನಿಮ್ಮ ವಸ್ತುವನ್ನು ಕೊಂಡು ಬಿಚ್ಚಿ ನೋಡಿ ಕಲಿತರೆ ಸಾಮಾನ್ಯವಾಗಿ ಏನೂ ಮಾಡಲು ಆಗದು. ಆದ್ದರಿಂದ ಸರಳ ಲೆಕ್ಕ ಹೀಗೆ. ಬಿಚ್ಚಿದರೆ ಗೊತ್ತಾಗುವಂಥದ್ದಾದರೆ ಪೇಟೆಂಟ್ ಕಡೆ ನೋಡಿ. ಕಾರ್ಖಾನೆಯ ಗೋಡೆಯೊಳಗೆ ನಡೆಯುವ ವಿಧಾನವಾದರೆ, ಹೊರಗಿನಿಂದ ಊಹಿಸಲು ಆಗದಿದ್ದರೆ, ಗುಟ್ಟೇ ವಾಸಿ. ಐದು ವರ್ಷದಲ್ಲಿ ಹಳತಾಗುವ ತಂತ್ರಕ್ಕೆ ಪೇಟೆಂಟ್ ಖರ್ಚು ಮಾಡುವುದು ನನಗಂತೂ ಅಷ್ಟಾಗಿ ಸರಿಕಾಣುವುದಿಲ್ಲ.

ಸುಮ್ನೆ ಯಾರಿಗೂ ಹೇಳದೆ ಇದ್ದ ಮಾತ್ರಕ್ಕೆ ಅದು ಕಾನೂನಿನ ಕಣ್ಣಲ್ಲಿ ಗುಟ್ಟಾಗುವುದಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದ, 1995ರಲ್ಲಿ ಜಾರಿಗೆ ಬಂದದ್ದು, ಇದಕ್ಕೆ ಮೂರು ಗುಣ ಕೇಳುತ್ತದೆ. ಮಾಹಿತಿ ಆ ವಲಯದವರಿಗೆ ಸಾಮಾನ್ಯವಾಗಿ ತಿಳಿದಿರಬಾರದು. ಗುಟ್ಟಾಗಿರುವ ಕಾರಣಕ್ಕೇ ಅದಕ್ಕೆ ವ್ಯಾಪಾರದ ಬೆಲೆ ಇರಬೇಕು. ಗುಟ್ಟಾಗಿಡಲು ನೀವು ತಕ್ಕ ಕ್ರಮ ತೆಗೆದುಕೊಂಡಿರಬೇಕು. ಕೋರ್ಟಿನಲ್ಲಿ ಬಹಳ ಜನ ಬೀಳುವುದು ಈ ಮೂರನೆಯದರಲ್ಲಿ. ಬೆಲೆ ಪಟ್ಟಿಯ ಫೈಲ್ ಕಚೇರಿಯ ಎಲ್ಲರಿಗೂ ತೆರೆಯುವಂತಿದ್ದರೆ, ಕೆಲಸ ಬಿಟ್ಟವರ ಲಾಗಿನ್ ಆರು ತಿಂಗಳಾದರೂ ಚಾಲೂ ಇದ್ದರೆ, 'ನಮ್ಮ ಗುಟ್ಟು ಕದ್ದರು' ಎಂಬ ಮಾತಿಗೆ ನ್ಯಾಯಾಧೀಶರು ಯಾಕೆ ಕಿವಿಗೊಡಬೇಕು, ಅಲ್ವಾ? ಅದೇ ಯಾರು ಯಾವಾಗ ಯಾವ ಫೈಲ್ ತೆರೆದರು ಎಂಬ ಲಾಗ್ ದಾಖಲೆ ಇಟ್ಟವರ ಕೈ ಗಟ್ಟಿ. ಚಾಲಕರಿಲ್ಲದ ಕಾರು ಮಾಡುವ ವೇಮೊ 2017ರಲ್ಲಿ ಊಬರ್ ಮೇಲೆ ದಾವೆ ಹೂಡಿದಾಗ, ತನ್ನ ಹಳೆಯ ಎಂಜಿನಿಯರ್ ಬಿಟ್ಟುಹೋಗುವ ಮುಂಚೆ ಸುಮಾರು 14,000 ಫೈಲ್ ಇಳಿಸಿಕೊಂಡರು ಎಂದು ಲೆಕ್ಕ ಸಮೇತ ಆರೋಪಿಸಿತು. ಮರುವರ್ಷ ಊಬರ್ ಸುಮಾರು 24.5 ಕೋಟಿ ಡಾಲರ್ ಬೆಲೆಯ ಷೇರು ಕೊಟ್ಟು ರಾಜಿ ಮಾಡಿಕೊಂಡಿತು.

ಈಚೆಗೆ ಸೇರಿಕೊಂಡ ಹೊಸ ತೂತು ಎಐ ಉಪಕರಣಗಳು. ನೌಕರರು ಕಂಪನಿಯ ಕೋಡನ್ನೋ ಒಪ್ಪಂದದ ಕರಡನ್ನೋ ಉಚಿತ ಚಾಟ್‌ಬಾಟ್‌ಗೆ ಅಂಟಿಸಿ 'ಸರಿಮಾಡಿಕೊಡು' ಅನ್ನುತ್ತಾರೆ. ಅದು ಎಲ್ಲಿ ಉಳಿಯುತ್ತದೆ, ಯಾರು ನೋಡುತ್ತಾರೆ ಅನ್ನುವುದು ಆ ಸೇವೆಯ ಷರತ್ತಿನ ಮೇಲೆ ನಿಂತಿದೆ. ಯಾವುದನ್ನು ಅಂಟಿಸಬಹುದು, ಯಾವುದನ್ನು ಕೂಡದು ಅಂತ ಒಂದು ಪುಟದ ನಿಯಮ ಬರೆದು ಎಲ್ಲರಿಗೂ ಕೊಡಿ.

ದುಡ್ಡು ಕೊಟ್ಟಿದ್ದೇವೆ, ಆದರೆ ಯಾರದ್ದು?

ನನ್ನನ್ನು ಕೇಳಿದರೆ ಇಡೀ ವಿಷಯದಲ್ಲಿ ಅತಿ ಹೆಚ್ಚು ಅಸಡ್ಡೆಗೆ ಒಳಗಾದ ಭಾಗ ಇದೇ. ಕಾಪಿರೈಟ್‌ಗೆ ನೋಂದಣಿ ಬೇಕಿಲ್ಲ. 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲೆಲ್ಲ ಬರೆದ, ಬಿಡಿಸಿದ, ಕೋಡ್ ಮಾಡಿದ ಗಳಿಗೆಯಲ್ಲೇ ಹಕ್ಕು ಹುಟ್ಟುತ್ತದೆ. ಒಳ್ಳೆಯದೇ. ಆದರೆ ಹುಟ್ಟುವುದು ಯಾರ ಹೆಸರಿನಲ್ಲಿ?

ಸಂಬಳದ ನೌಕರರು ತಮ್ಮ ಕೆಲಸದ ಭಾಗವಾಗಿ ಮಾಡಿದ್ದು ಬಹುತೇಕ ದೇಶಗಳಲ್ಲಿ ಕಂಪನಿಗೆ ಸೇರುತ್ತದೆ, ಇಲ್ಲವೇ ಅದನ್ನು ಬಳಸುವ ಹಕ್ಕಾದರೂ ಕಂಪನಿಗೆ ಸಿಗುತ್ತದೆ. ಹೊರಗಿನವರ ವಿಷಯ ಹಾಗಲ್ಲ. ಲೋಗೊ ಬಿಡಿಸಿದ ಫ್ರೀಲಾನ್ಸ್ ಕಲಾವಿದೆ, ವೆಬ್‌ಸೈಟ್ ಮಾಡಿದ ಏಜೆನ್ಸಿ, ಪ್ರಾಡಕ್ಟ್ ಫೋಟೊ ತೆಗೆದವರು, ಆಪ್‌ನ ಮೊದಲ ಆವೃತ್ತಿ ಬರೆದುಕೊಟ್ಟ ಗೆಳೆಯ. ಇವರಿಗೆಲ್ಲ ನೀವು ಪೂರ್ತಿ ದುಡ್ಡು ಕೊಟ್ಟಿರಬಹುದು. ಲಿಖಿತವಾಗಿ ಹಕ್ಕು ವರ್ಗಾಯಿಸಿಕೊಳ್ಳದಿದ್ದರೆ ಬಹಳ ಕಡೆ ಮಾಲೀಕರು ಅವರೇ. ನಿಮ್ಮ ಕೈಯಲ್ಲಿರುವುದು ಬಳಸುವ ಅನುಮತಿ ಮಾತ್ರ. ಅದೂ ಎಷ್ಟರ ಮಟ್ಟಿಗೆ ಅಂತ ವಾದಕ್ಕೆ ಬೀಳಬಹುದು. ಎಲ್ಲ ಚೆನ್ನಾಗಿರುವಾಗ ಇದು ಯಾರ ಗಮನಕ್ಕೂ ಬರುವುದಿಲ್ಲ. ಕಂಪನಿಯನ್ನು ಕೊಳ್ಳಲು ಬಂದವರ ವಕೀಲರು 'ಈ ಕೋಡ್ ಯಾರು ಬರೆದದ್ದು, ಕಾಗದ ತೋರಿಸಿ' ಅಂದಾಗ ಬರುತ್ತದೆ. ಆ ಹೊತ್ತಿಗೆ ಗೆಳೆಯ ಗೆಳೆಯನಾಗಿ ಉಳಿದಿರಬೇಕು, ಸಹಿಗೆ ದೊಡ್ಡ ಮೊತ್ತ ಕೇಳಬಾರದು. ಕಂಪನಿ ನೋಂದಣಿ ಆಗುವ ಮುಂಚೆ ಪಾಲುದಾರರೇ ಮಾಡಿದ ಕೆಲಸಕ್ಕೂ ಇದೇ ಮಾತು. ಅದನ್ನೂ ಕಂಪನಿಯ ಹೆಸರಿಗೆ ಬರೆದುಕೊಡಬೇಕು.

ಬರೆಯುವ ರೀತಿಯೂ ಮುಖ್ಯ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಅಲ್ಲಿ ಸೇರುವಾಗ 'ಹಕ್ಕನ್ನು ವಹಿಸಿಕೊಡಲು ಒಪ್ಪುತ್ತೇನೆ' ಎಂಬ ಕಾಗದಕ್ಕೆ ಸಹಿ ಹಾಕಿದ್ದರು. ಆಮೇಲೆ ಒಂದು ಖಾಸಗಿ ಕಂಪನಿಯಲ್ಲಿ ತಂತ್ರ ಕಲಿಯಲು ಹೋದಾಗ 'ಈ ಮೂಲಕ ವಹಿಸಿಕೊಡುತ್ತಿದ್ದೇನೆ' ಎಂಬ ಕಾಗದಕ್ಕೆ ಸಹಿ ಹಾಕಿದರು. ಎಚ್‌ಐವಿ ಪ್ರಮಾಣ ಅಳೆಯುವ ವಿಧಾನದ ಮೇಲಿನ ಜಗಳ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 2011ರಲ್ಲಿ ಸ್ಟ್ಯಾನ್‌ಫರ್ಡ್ ಸೋತಿತು. ಮೊದಲನೆಯದು ಮುಂದೆ ಕೊಡುತ್ತೇನೆ ಎಂಬ ಮಾತು, ಎರಡನೆಯದು ಕೊಟ್ಟಾಯಿತು ಎಂಬ ಮಾತು. ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಮಾದರಿ ಒಪ್ಪಂದದಲ್ಲಿ ಇಂಥ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ. ಖರ್ಚು ಉಳಿಸಲು ಬೇರೆ ಜಾಗ ಹುಡುಕಿ.

ಸಾಫ್ಟ್‌ವೇರ್‌ನಲ್ಲಿ ಇನ್ನೆರಡು ಎಚ್ಚರ. ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ನೋಡಿ ಬಳಸುವಂತೆ ಬಿಟ್ಟ ಕೋಡ್, ಷರತ್ತಿಲ್ಲದ್ದು ಅಂತಲ್ಲ. ಜಿಪಿಎಲ್ ಲೈಸೆನ್ಸ್ ಇರುವ ಕೋಡನ್ನು ನಿಮ್ಮದರೊಳಗೆ ಬೆರೆಸಿ ಹಂಚಿದರೆ, ಹಾಗೆ ಬೆರೆತದ್ದರ ಸೋರ್ಸ್ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಬೇಕಾಗುತ್ತದೆ. ಎಂಐಟಿಯಂಥ ಲೈಸೆನ್ಸ್‌ಗಳು ಅಷ್ಟು ಕೇಳುವುದಿಲ್ಲ. ಎರಡನೆಯದು, ಪೂರ್ತಿ ಎಐಯೇ ಮಾಡಿದ ಚಿತ್ರ, ಬರಹ. ಮನುಷ್ಯರ ಸೃಷ್ಟಿ ಇಲ್ಲದ ಕೃತಿಗೆ ಕಾಪಿರೈಟ್ ಇಲ್ಲ ಎಂದು ಅಮೆರಿಕದ ಕೋರ್ಟುಗಳು ಹೇಳಿವೆ. ಒಂದು ಸಾಲಿನ ಆದೇಶ ಕೊಟ್ಟು ತೆಗೆದ ಚಿತ್ರವನ್ನೇ ನಿಮ್ಮ ಬ್ರ್ಯಾಂಡ್‌ನ ಮುಖ ಮಾಡಿಕೊಂಡರೆ, ಅದನ್ನು ಬೇರೆಯವರು ಎತ್ತಿಕೊಂಡಾಗ ಕಾಪಿರೈಟ್ ಹೆಸರಿನಲ್ಲಿ ತಡೆಯುವುದು ಕಷ್ಟ.

ಹೆಸರು ಇಡುವ ಮುಂಚೆ

ಕಂಪನಿ ನೋಂದಣಿ ಆಯಿತು, ಡೊಮೇನ್ ಕೊಂಡಾಯಿತು, ಇನ್ನು ಹೆಸರು ನಮ್ಮದೇ ಅಂದುಕೊಳ್ಳುವವರು ಬಹಳ. ಇವೆರಡೂ ಟ್ರೇಡ್‌ಮಾರ್ಕ್ ಅಲ್ಲ. ಕಂಪನಿ ನೋಂದಣಿ ಕಚೇರಿ ಅದೇ ಹೆಸರಿನ ಇನ್ನೊಂದು ಕಂಪನಿ ಇದೆಯಾ ಅಂತ ನೋಡುತ್ತದೆ. ಆ ಹೆಸರಿನಲ್ಲಿ ಸರಕು ಮಾರುವ ಹಕ್ಕು ಯಾರದ್ದು ಅನ್ನುವುದು ಬೇರೆಯೇ ವಿಚಾರ. ಟ್ರೇಡ್‌ಮಾರ್ಕ್ ಲೋಕದಲ್ಲಿ ಸರಕು, ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಿದ್ದಾರೆ. ಒಂದೇ ಹೆಸರು ಬೇರೆ ಬೇರೆ ವರ್ಗದಲ್ಲಿ ಬೇರೆ ಬೇರೆಯವರ ಬಳಿ ಇರಬಹುದು. ಡವ್ ಸೋಪು ಒಂದು ಕಂಪನಿಯದ್ದು, ಡವ್ ಚಾಕೊಲೇಟ್ ಇನ್ನೊಂದರದ್ದು.

ಹೆಸರು ಆರಿಸುವಾಗ ಮಾರ್ಕೆಟಿಂಗ್‌ನವರಿಗೂ ವಕೀಲರಿಗೂ ಜಗಳ ಬರುವುದು ಸಹಜ. ಮಾರ್ಕೆಟಿಂಗ್‌ನವರಿಗೆ ಕೇಳಿದ ಕೂಡಲೇ ಏನು ಮಾರುತ್ತೇವೆ ಅಂತ ಗೊತ್ತಾಗುವ ಹೆಸರು ಬೇಕು. ಕಾನೂನಿನ ಪ್ರಕಾರ ಅದೇ ಅತ್ಯಂತ ಬಡವಾದ ಹೆಸರು. 'ತಾಜಾ ಹಾಲು' ಅನ್ನುವುದನ್ನು ಹಾಲು ಮಾರುವ ಒಬ್ಬರಿಗೇ ಹೇಗೆ ಬಿಟ್ಟುಕೊಡುವುದು? ಜಾರ್ಜ್ ಈಸ್ಟ್‌ಮನ್ ಕೊಡಾಕ್ ಎಂಬ, ಯಾವ ಭಾಷೆಯಲ್ಲೂ ಅರ್ಥವಿಲ್ಲದ ಹೆಸರು ಹುಟ್ಟಿಸಿ 1888ರಲ್ಲಿ ನೋಂದಾಯಿಸಿದರು. ಅಂಥದ್ದಕ್ಕೆ ಸಿಗುವ ರಕ್ಷಣೆ ಅತಿ ಗಟ್ಟಿ. ಕಂಪ್ಯೂಟರ್‌ಗೆ ಆ್ಯಪಲ್ ಅನ್ನುವ ಹಾಗೆ, ಸರಕಿಗೆ ಸಂಬಂಧವೇ ಇಲ್ಲದ ಸಾಮಾನ್ಯ ಹೆಸರೂ ಗಟ್ಟಿಯೇ. ಈ ಜಗಳದಲ್ಲಿ ನನ್ನ ಓಟು ವಕೀಲರಿಗೆ.

ಹುಡುಕಾಟ ಮಾಡದಿದ್ದರೆ ಏನಾಗುತ್ತದೆ? ದೊಡ್ಡವರಿಗೂ ಹೆಸರಿನ ಪೆಟ್ಟು ತಪ್ಪಿಲ್ಲ. ಮೈಕ್ರೋಸಾಫ್ಟ್ ತನ್ನ ಆನ್‌ಲೈನ್ ಫೈಲ್ ಸಂಗ್ರಹ ಸೇವೆಗೆ ಸ್ಕೈಡ್ರೈವ್ ಎಂದು ಹೆಸರಿಟ್ಟಿತ್ತು. ಬ್ರಿಟನ್‌ನ ಸ್ಕೈ ಟಿವಿ ಕಂಪನಿ 2013ರಲ್ಲಿ ಕೋರ್ಟಿನಲ್ಲಿ ಗೆದ್ದಿತು. ಮರುವರ್ಷ ಅದು ಒನ್‌ಡ್ರೈವ್ ಆಯಿತು. ಮೈಕ್ರೋಸಾಫ್ಟ್ ತಡೆದುಕೊಂಡಿತು. ಬೋರ್ಡು, ಪ್ಯಾಕೆಟ್, ವೆಬ್‌ಸೈಟ್ ಎಲ್ಲ ಬದಲಿಸುವ ಖರ್ಚನ್ನು ಸಣ್ಣ ಬಿಸಿನೆಸ್ ಹೇಗೆ ತಡೆದುಕೊಳ್ಳುತ್ತದೆ? ಟ್ರೇಡ್‌ಮಾರ್ಕ್ ಕಚೇರಿಗಳ ಪಟ್ಟಿಯಲ್ಲಿ, ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ ಅಂದರೆ ವೈಪೊದ ಬ್ರ್ಯಾಂಡ್ ಡೇಟಾಬೇಸ್‌ನಲ್ಲಿ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಕೇಳಲು ಒಂದೇ ಥರ ಇರುವ ಹೆಸರುಗಳನ್ನೂ ಹುಡುಕಿ, ಅಕ್ಷರ ಒಂದೇ ಇರಬೇಕಾಗಿಲ್ಲ.

ನೋಂದಣಿ ಆದಮೇಲೂ ಹೆಸರನ್ನು ಬಳಸುತ್ತಿರಬೇಕು. ಮೂರೋ ಐದೋ ವರ್ಷ ಬಳಸದೆ ಬಿಟ್ಟರೆ ಬೇರೆಯವರು ರದ್ದು ಮಾಡಿಸಬಹುದು. ಅತಿಯಾಗಿ ಪ್ರಸಿದ್ಧವಾದರೂ ಕಷ್ಟ. ಎಸ್ಕಲೇಟರ್ ಒಂದು ಕಾಲಕ್ಕೆ ಓಟಿಸ್ ಕಂಪನಿಯ ಬ್ರ್ಯಾಂಡ್ ಆಗಿತ್ತು. ಚಲಿಸುವ ಮೆಟ್ಟಿಲಿಗೆಲ್ಲ ಜನ ಹಾಗೇ ಕರೆಯತೊಡಗಿದರು. ಓಟಿಸ್ ಕೂಡ ತನ್ನ ಜಾಹೀರಾತಿನಲ್ಲಿ ಅದನ್ನು ವಸ್ತುವಿನ ಹೆಸರಿನಂತೆಯೇ ಬಳಸುತ್ತಿತ್ತು. 1950ರಲ್ಲಿ ಅಮೆರಿಕದಲ್ಲಿ ಆ ಹಕ್ಕು ಹೋಯಿತು.

ಗಡಿ ದಾಟಿದರೆ

ಲೋಕಕ್ಕೆಲ್ಲ ಒಂದೇ ಪೇಟೆಂಟ್, ಒಂದೇ ಟ್ರೇಡ್‌ಮಾರ್ಕ್ ಅನ್ನುವುದು ಇಲ್ಲ. ಒಂದು ದೇಶದಲ್ಲಿ ಪಡೆದ ಹಕ್ಕು ಆ ದೇಶಕ್ಕಷ್ಟೇ. ಅದೃಷ್ಟಕ್ಕೆ 1883ರ ಪ್ಯಾರಿಸ್ ಒಪ್ಪಂದ ಸ್ವಲ್ಪ ಉಸಿರಾಡಲು ಸಮಯ ಕೊಡುತ್ತದೆ. ಮೊದಲ ಅರ್ಜಿ ಹಾಕಿದ ದಿನದಿಂದ ಪೇಟೆಂಟ್‌ಗಾದರೆ 12 ತಿಂಗಳು, ಟ್ರೇಡ್‌ಮಾರ್ಕ್ ಮತ್ತು ಡಿಸೈನ್‌ಗಾದರೆ 6 ತಿಂಗಳೊಳಗೆ ಬೇರೆ ಸದಸ್ಯ ದೇಶಗಳಲ್ಲಿ ಅರ್ಜಿ ಹಾಕಿದರೆ ಮೊದಲ ದಿನಾಂಕವೇ ಲೆಕ್ಕಕ್ಕೆ ಬರುತ್ತದೆ. ಪೇಟೆಂಟ್ ಸಹಕಾರ ಒಪ್ಪಂದ, ಅಂದರೆ ಪಿಸಿಟಿ ದಾರಿಯಲ್ಲಿ ಹೋದರೆ ಯಾವ ಯಾವ ದೇಶದಲ್ಲಿ ಪೇಟೆಂಟ್ ಬೇಕು ಅಂತ ತೀರ್ಮಾನಿಸಲು ಸಾಮಾನ್ಯವಾಗಿ 30 ತಿಂಗಳು ಸಿಗುತ್ತದೆ. ಟ್ರೇಡ್‌ಮಾರ್ಕ್‌ಗೆ ಮ್ಯಾಡ್ರಿಡ್ ವ್ಯವಸ್ಥೆಯಲ್ಲಿ ಒಂದೇ ಅರ್ಜಿಯಿಂದ ಹಲವು ದೇಶ ಕೇಳಬಹುದು.

ಎಲ್ಲ ದೇಶ ಬೇಡ. ಎಲ್ಲಿ ಮಾರುತ್ತೀರಿ, ಎಲ್ಲಿ ತಯಾರಿಸುತ್ತೀರಿ, ಅಷ್ಟು ಸಾಕು. ತಯಾರಿಸುವ ದೇಶವನ್ನು ಮಾತ್ರ ಮರೆಯಬೇಡಿ. ಮೊದಲು ನೋಂದಾಯಿಸಿದವರಿಗೇ ಹೆಸರು ಎನ್ನುವ ದೇಶಗಳಲ್ಲಿ ಬೇರೆಯವರು ನಿಮ್ಮ ಬ್ರ್ಯಾಂಡನ್ನು ಮೊದಲೇ ಬರೆಸಿಕೊಂಡು ಕಾಯುತ್ತಿರಬಹುದು. ಐಪ್ಯಾಡ್ ಹೆಸರಿನ ವಿಷಯದಲ್ಲಿ ಆ್ಯಪಲ್ ಕಂಪನಿ, ಆ ಹೆಸರನ್ನು ಮೊದಲೇ ನೋಂದಾಯಿಸಿಕೊಂಡಿದ್ದ ಪ್ರೋವ್ಯೂ ಎಂಬ ಕಂಪನಿಯ ತೈವಾನ್ ಘಟಕದಿಂದ ಹಕ್ಕು ಕೊಂಡಿತ್ತು. ಚೀನಾದ ಹಕ್ಕು ಶೆಂಜೆನ್ ಘಟಕದ ಹೆಸರಿನಲ್ಲಿತ್ತು. ಅದು ಕೈ ಬದಲಾಗಿಲ್ಲ ಎಂದು ಅಲ್ಲಿನ ಕೋರ್ಟು ಹೇಳಿತು. 2012ರಲ್ಲಿ ಆ್ಯಪಲ್ 6 ಕೋಟಿ ಡಾಲರ್ ಕಟ್ಟಿ ಬಿಡಿಸಿಕೊಂಡಿತು. ಸಹಿ ಹಾಕುವವರ ಹೆಸರಿನಲ್ಲೇ ಹಕ್ಕು ಇದೆಯಾ ಅಂತ ಆಯಾ ದೇಶದ ಪಟ್ಟಿಯಲ್ಲಿ ನೋಡಿದ್ದರೆ ಉಳಿಯುತ್ತಿದ್ದ ದುಡ್ಡು.

ಯಾರಾದರೂ ನಕಲು ಮಾಡಿದಾಗ

ಹಕ್ಕು ಇದ್ದರೆ ಸಾಲದು, ಕಾಯಬೇಕು. ಕಾಯುವ ಕೆಲಸ ನಿಮ್ಮದೇ, ಟ್ರೇಡ್‌ಮಾರ್ಕ್ ಕಚೇರಿ ಬಂದು ನಿಮ್ಮ ಪರವಾಗಿ ಅಂಗಡಿ ಅಂಗಡಿ ಸುತ್ತುವುದಿಲ್ಲ. ನಕಲು ಕಂಡ ದಿನವೇ ಸಾಕ್ಷಿ ಹಿಡಿದಿಡಿ. ದಿನಾಂಕ ಇರುವ ಸ್ಕ್ರೀನ್‌ಶಾಟ್ ತೆಗೆಯಿರಿ, ಮಾಲು ಕೊಂಡು ಬಿಲ್ ಇಟ್ಟುಕೊಳ್ಳಿ. ಸಿಟ್ಟಿನಲ್ಲಿ ಅವರಿಗೇ ಮೊದಲು ಮೆಸೇಜ್ ಹಾಕಿದರೆ ಪುಟ ಮಾಯವಾಗುತ್ತದೆ, ಸಾಕ್ಷಿಯೂ ಮಾಯವಾಗುತ್ತದೆ. ಆನ್‌ಲೈನ್ ಮಾರುಕಟ್ಟೆಗಳಲ್ಲಿ ದೂರು ಕೊಟ್ಟು ಪಟ್ಟಿಯಿಂದ ತೆಗೆಸುವ ವ್ಯವಸ್ಥೆ ಇರುತ್ತದೆ. ನೋಂದಣಿ ಸಂಖ್ಯೆ ಇದ್ದವರ ದೂರು ಬೇಗ ಓಡುತ್ತದೆ. ಬಹಳ ದೇಶಗಳಲ್ಲಿ ಕಸ್ಟಮ್ಸ್‌ನವರ ಬಳಿ ನಿಮ್ಮ ಟ್ರೇಡ್‌ಮಾರ್ಕ್ ದಾಖಲಿಸಿಟ್ಟರೆ ನಕಲಿ ಸರಕನ್ನು ಬಂದರಿನಲ್ಲೇ ತಡೆಯುತ್ತಾರೆ.

ವಕೀಲರ ನೋಟಿಸ್ ಒಂದು ಒಳ್ಳೆಯ ಆಯುಧ, ಆದರೆ ಸುಮ್ನೆ ಹೆದರಿಸಲು ಕಳಿಸುವಂಥದ್ದಲ್ಲ. ಬ್ರಿಟನ್‌ನಂಥ ಕೆಲವು ದೇಶಗಳಲ್ಲಿ ಆಧಾರವಿಲ್ಲದ ಬೆದರಿಕೆಗೆ ತಿರುಗಿ ನಿಮ್ಮ ಮೇಲೇ ದಾವೆ ಹಾಕಬಹುದು. ನೋಟಿಸ್ ಸಿಕ್ಕವರು ನಿಮ್ಮ ಪೇಟೆಂಟನ್ನೇ ರದ್ದು ಮಾಡಿಸಲು ಹೊರಡಬಹುದು. ಪ್ರತಿಯೊಂದು ನಕಲಿಗೂ ಕೋರ್ಟಿಗೆ ಓಡಿದರೆ ಗೆದ್ದೂ ಸೋಲುತ್ತೀರಿ. ಗಿರಾಕಿಗಳು ಮೋಸ ಹೋಗುತ್ತಿದ್ದಾರಾ, ನಿಮ್ಮ ಮಾರಾಟ ಕುಸಿಯುತ್ತಿದೆಯಾ, ಎದುರಿನವರ ಬಳಿ ಕಟ್ಟಲು ಏನಾದರೂ ಇದೆಯಾ ಅಂತ ನೋಡಿ ಜಗಳ ಆರಿಸಿಕೊಳ್ಳಿ. ಒಳ್ಳೆಯ ಕೆಲಸಗಾರರು ಎದುರಿದ್ದರೆ ಲೈಸೆನ್ಸ್ ಕೊಟ್ಟು ರಾಯಲ್ಟಿ ತೆಗೆದುಕೊಳ್ಳುವುದೂ ಒಂದು ದಾರಿ.

ದುಡ್ಡು ಕಡಿಮೆ ಇದ್ದರೆ ಎಲ್ಲಿಂದ ಶುರು? ನಾನಾದರೆ ಮೊದಲು ಹೆಸರು ಹುಡುಕಿ ಒಂದೆರಡು ವರ್ಗದಲ್ಲಿ ನೋಂದಾಯಿಸುತ್ತೇನೆ. ಜೊತೆಗೇ ನೌಕರರು, ಪಾಲುದಾರರು, ಹೊರಗಿನವರು ಎಲ್ಲರಿಂದಲೂ ಹಕ್ಕಿನ ಕಾಗದಕ್ಕೆ ಸಹಿ ಹಾಕಿಸುತ್ತೇನೆ. ಪೇಟೆಂಟ್ ವಿಷಯಕ್ಕೆ ಆಮೇಲೆ ಬರಬಹುದು, ಅಲ್ಲಿಯವರೆಗೂ ಬಾಯಿ ಮುಚ್ಚಿಕೊಂಡಿದ್ದರೆ. ವಕೀಲರ ಬಳಿ ಹೋಗುವ ಮುಂಚೆ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ನಿಮ್ಮ ಬಳಿ ಏನೇನಿದೆ, ಪ್ರತಿಯೊಂದನ್ನೂ ಯಾರು ಮಾಡಿದ್ದು, ಯಾವಾಗ, ಈವರೆಗೆ ಯಾರಿಗೆ ತೋರಿಸಿದ್ದೀರಿ. ಅವರು ಕೇಳುವ ಮೊದಲ ಪ್ರಶ್ನೆಗಳು ಇವೇ, ಗಂಟೆ ಲೆಕ್ಕದಲ್ಲಿ ಫೀಸು ಹಾಕುವವರ ಎದುರು ಕೂತು ನೆನಪಿಸಿಕೊಳ್ಳುವುದು ದುಬಾರಿ.